ಕಪ್ಪೆಯ ಐದನೇ ಕಾಲಿಗೆ ಕ್ರೋಮೋಸೋಮ್ ಕಾರಣವಾ?

ಶೆಟ್ರೆ, ನೀವು ಹಾಕಿದ ಫೋಟೋ ದೊಡ್ಡದು ಮಾಡಿ ನೋಡಿದೆ. ಹಿರಿಯಡ್ಕದ ನಿಮ್ಮ ಅಡಿಕೆ ತೋಟದ ತೊಟ್ಟಿಯಲ್ಲಿ ಸಿಕ್ಕಿದ ಕಪ್ಪೆಗೆ ಹಿಂದೆ ಬಲಗಡೆ ಒಂದು ಸಪೂರ ಕಾಲು ಜಾಸ್ತಿ ಉಂಟು, ಹೌದು. ಅದರ ಕೆಳಗೆ ಒಬ್ಬರು "ಇದು ಕ್ರೋಮೋಸೋಮ್ ಜಾಸ್ತಿ ಆದದ್ದು, ಮನುಷ್ಯರಲ್ಲಿ ಡೌನ್ ಸಿಂಡ್ರೋಮ್ ಇದ್ದ ಹಾಗೆ" ಅಂತ ಬರೆದಿದ್ದಾರೆ. ಇನ್ನೊಬ್ಬರು ಕಪ್ಪೆಯನ್ನು ಕೊಂದುಬಿಡಿ, ಆ ನೀರು ದನಕ್ಕೆ ಕೊಡಬೇಡಿ ಎಂದಿದ್ದಾರೆ. ಕೊಲ್ಲುವುದು ಬೇಡ ಮಾರಾಯ್ರೆ. ಕ್ರೋಮೋಸೋಮ್ ಅಂದರೆ ಜೀವಕೋಶದೊಳಗೆ ಜೀನುಗಳನ್ನು ಹೊತ್ತ ಎಳೆ, ಅದು ಯಾರಿಗೂ ಅಂಟುವ ರೋಗ ಅಲ್ಲ. ಆ ಕಾಲಿಗೆ ಅದು ಕಾರಣ ಆಗಿರುವ ಸಾಧ್ಯತೆಯೂ ಬಹಳ ಕಡಿಮೆ.

ಕಪ್ಪೆಗೆ ಕಾಲು ಮೂಡುವುದು ಗೊದಮೊಟ್ಟೆ ಆಗಿರುವಾಗ, ನೀರಿನೊಳಗೆ. ಆಗ ಕಾಲಿನ ಮೊಳಕೆಗೆ ಪೆಟ್ಟಾದರೆ ಕಾಲು ಮೊಂಡಾಗಬಹುದು, ಕವಲೊಡೆಯಲೂಬಹುದು. ಮೀನು ಮತ್ತು ಏರೋಪ್ಲೇನ್ ಚಿಟ್ಟೆಯ ಮರಿಗಳು ಗೊದಮೊಟ್ಟೆಯ ಕಾಲು ಕಚ್ಚುತ್ತವೆ. 1995ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಶಾಲೆ ಮಕ್ಕಳು ವಿಕಾರ ಕಾಲಿನ ಕಪ್ಪೆಗಳನ್ನು ಒಟ್ಟೊಟ್ಟಿಗೆ ಕಂಡು, ಅಲ್ಲಿ ದೊಡ್ಡ ಗಲಾಟೆಯೇ ಆಗಿತ್ತು. 1999ರಲ್ಲಿ ಬೇರೆಯವರು ಪ್ರಯೋಗ ಮಾಡಿ ಒಂದು ಕಾರಣ ತೋರಿಸಿದರು. ರೈಬೀರೋಯಿಯ ಅನ್ನುವ ಚಪ್ಪಟೆ ಹುಳ, ಬಸವನಹುಳುವಿನಿಂದ ಹೊರಟು ಗೊದಮೊಟ್ಟೆಯ ಕಾಲಿನ ಬುಡದಲ್ಲಿ ಕೂತರೆ ಹೆಚ್ಚುವರಿ ಕಾಲು ಬರುತ್ತದೆ. ಅದು ಅಮೆರಿಕದ ಹುಳ. ನಿಮ್ಮ ತೊಟ್ಟಿಯಲ್ಲೂ ಅದೇ ಆಗಿದೆ ಅಂತ ನಾನು ಹೇಳುತ್ತಿಲ್ಲ.

ಈಗ ನೀವು ಮಾಡಬೇಕಾದ್ದು ಲೆಕ್ಕ. ರಾತ್ರಿ ಟಾರ್ಚ್ ಹಿಡಿದು ತೊಟ್ಟಿಯ ಸುತ್ತ ಎಷ್ಟು ಕಪ್ಪೆ ಉಂಟು, ಅದರಲ್ಲಿ ಎಷ್ಟಕ್ಕೆ ಕಾಲು ಸರಿ ಇಲ್ಲ ಅಂತ ನೋಡಿ. ಸರಿ ಇರುವವನ್ನೂ ಎಣಿಸಬೇಕು, ಜನ ಬಿಡುವುದು ಅದನ್ನೇ. ನೂರರಲ್ಲಿ ಒಂದೆರಡು ಇದ್ದರೆ ಎಲ್ಲ ಕಡೆಯೂ ಇರುವಂಥದ್ದೇ. ಹತ್ತರಲ್ಲಿ ಒಂದೆರಡು ಸಿಕ್ಕಿದರೆ ಮಾತ್ರ ನೀರಿನ ಕಡೆ ಗಮನ ಕೊಡಿ.

ನೀರು ಅಂದಾಗ ಬೋರ್ಡೋ, ಅಂದರೆ ಅಡಿಕೆಗೆ ಸಿಂಪಡಿಸುವ ಮೈಲುತುತ್ತು-ಸುಣ್ಣದ ದ್ರಾವಣ, ಅದರ ಬಗ್ಗೆ ಹೇಳಲೇಬೇಕು. ಕೊಳೆರೋಗಕ್ಕೆ ಮದ್ದು ಬಿಟ್ಟ ಮೇಲೆ ಡ್ರಮ್ ತೊಳೆದ ನೀರು ಸೀದಾ ತೋಡಿಗೋ ತೊಟ್ಟಿಗೋ ಹೋಗುತ್ತದೆ, ಅಲ್ವಾ? ಮೈಲುತುತ್ತಿನ ತಾಮ್ರ ಗೊದಮೊಟ್ಟೆಗೆ ವಿಷ. ಅದರಿಂದ ಕಾಲು ಹೆಚ್ಚಾಗುವುದಕ್ಕಿಂತ ಮರಿಗಳೇ ಸಾಯುವುದು ಜಾಸ್ತಿ. ತೊಳೆದ ನೀರನ್ನು ತೊಟ್ಟಿಯಿಂದ ದೂರ, ಮಣ್ಣಿಗೆ ಚೆಲ್ಲಿ. ದನದ ವಿಷಯದಲ್ಲೂ ಹೆದರಬೇಕಾದ್ದು ಈ ಮದ್ದಿನ ನೀರಿಗೆ, ಕಪ್ಪೆಗಲ್ಲ.

ಇನ್ನು ಕ್ರೋಮೋಸೋಮ್ ಜಾಸ್ತಿ ಇರುವ ಕಪ್ಪೆ ನಿಜವಾಗಿ ಉಂಟಾ ಅಂತ ನಿಮ್ಮ ಅಳಿಯ ಕೇಳಿದ್ದಾರಲ್ಲ. ಉಂಟು, ಬೇಕಾದಷ್ಟು ಉಂಟು. ನನಗೆ ಕಾಲಿಗಿಂತ ಇದೇ ಇಷ್ಟದ ವಿಷಯ.

ಮಳೆಗಾಲದ ಶುರುವಿಗೆ ಗದ್ದೆಯಲ್ಲಿ ಹಳದಿಯಾಗಿ ಕೂಗುವ ನಮ್ಮ ದೊಡ್ಡ ಕಪ್ಪೆಗೆ 26 ಕ್ರೋಮೋಸೋಮ್. ಮನೆ ಅಂಗಳಕ್ಕೆ ಬರುವ ಒರಟು ಮೈಯ ನೆಲಗಪ್ಪೆಗೆ 22. ಇವು ಜೋಡಿ ಲೆಕ್ಕ, ಅರ್ಧ ತಾಯಿಯದ್ದು, ಅರ್ಧ ತಂದೆಯದ್ದು. ಒಂದೊಂದು ಅರ್ಧಕ್ಕೆ ಒಂದು ಸೆಟ್ ಅನ್ನುವ. ಇದರಲ್ಲಿ ಒಂದೇ ಒಂದು ಹೆಚ್ಚಾದರೆ ಜೀನುಗಳ ಪ್ರಮಾಣ ತಪ್ಪುತ್ತದೆ. ಅಂಥ ಮರಿಗಳು ಹೆಚ್ಚಾಗಿ ಮೊಟ್ಟೆಯಲ್ಲೋ ಗೊದಮೊಟ್ಟೆಯಲ್ಲೋ ಸಾಯುತ್ತವೆ. ನಿಮ್ಮ ತೊಟ್ಟಿಯದ್ದು ಕೊಬ್ಬಿ ಕೂತಿದೆ! ಡೌನ್ ಸಿಂಡ್ರೋಮ್ ಅಂದರೆ ಹೀಗೆ ಒಂದು ಕ್ರೋಮೋಸೋಮ್ ಹೆಚ್ಚಾದದ್ದು, ಆ ಮಾತು ಇಲ್ಲಿ ಹೊಂದುವುದಿಲ್ಲ.

ಆದರೆ ಇಡೀ ಸೆಟ್ಟೇ ಹೆಚ್ಚಾದರೆ ಪ್ರಮಾಣ ಕೆಡುವುದಿಲ್ಲ. ನಮ್ಮ ನೇಂದ್ರ ಬಾಳೆಯಲ್ಲಿ ಮೂರು ಸೆಟ್ ಉಂಟು, ಆರಾಮವಾಗಿ ಬೆಳೆಯುತ್ತದೆ. ಕಾರಕೋರಂ ಬೆಟ್ಟಗಳಲ್ಲಿ ಒಂದು ನೆಲಗಪ್ಪೆ ಉಂಟು, ಅದಕ್ಕೂ ಮೂರು ಸೆಟ್, ಒಟ್ಟು 33. ತಾಯಿಯ ಮೊಟ್ಟೆಯಲ್ಲಿ ಎರಡು ಸೆಟ್, ತಂದೆಯ ವೀರ್ಯದಲ್ಲಿ ಒಂದು, ಹಾಗಾಗಿ ಮರಿಗೆ ಪುನಃ ಮೂರು. ಹಿಂದೆ ಗರ್ಭಿಣಿ ಪರೀಕ್ಷೆಗೆ ಬಳಸುತ್ತಿದ್ದ ಆಫ್ರಿಕಾದ ಕ್ಸೆನೋಪಸ್ ಕಪ್ಪೆಗೆ ನಾಲ್ಕು ಸೆಟ್, 36. ಉಗಾಂಡದ ಅದರ ನೆಂಟ ಒಂದಕ್ಕೆ ಹನ್ನೆರಡು ಸೆಟ್, 108! ಯಾವುದಕ್ಕೂ ಇದರಿಂದ ಕಾಲು ಜಾಸ್ತಿ ಬರಲಿಲ್ಲ.

ಹಾಗಾದರೆ ಹೊರಗೆ ಗೊತ್ತಾಗುವುದು ಹೇಗೆ? ಕೆಲವದರಲ್ಲಿ ಸ್ವರದಿಂದ. ಉತ್ತರ ಅಮೆರಿಕದಲ್ಲಿ ಬೂದು ಬಣ್ಣದ ಎರಡು ಮರಗಪ್ಪೆಗಳು ಉಂಟು. ಒಂದಕ್ಕೆ 24, ಇನ್ನೊಂದಕ್ಕೆ 48. ಕೈಯಲ್ಲಿ ಹಿಡಿದು ನೋಡಿದರೂ ವ್ಯತ್ಯಾಸ ಸಿಗುವುದಿಲ್ಲ. ಆದರೆ 48ರದ್ದು ಕೂಗುವುದು ನಿಧಾನ, ಬಿಡಿ ಬಿಡಿ. 24ರದ್ದು ಹೆಚ್ಚುಕಡಿಮೆ ಇಮ್ಮಡಿ ವೇಗ. ಹೆಣ್ಣುಗಳು ಅದನ್ನು ಕೇಳಿಯೇ ತಮ್ಮ ಗಂಡನ್ನು ಹುಡುಕುತ್ತವೆ. 24ರ ಜಾತಿಯ ಮೊಟ್ಟೆಯಿಂದ ಲ್ಯಾಬಿನಲ್ಲಿ ಮೂರು ಸೆಟ್ಟಿನ ಕಪ್ಪೆ ಮಾಡಿದಾಗ ಅದೂ ನಿಧಾನವಾಗಿ ಕೂಗಿತು. ಸೆಟ್ ಹೆಚ್ಚಾದರೆ ಜೀವಕೋಶ ದೊಡ್ಡದಾಗುತ್ತದೆ, ಕೂಗಿನ ವೇಗ ಬದಲಾಗುವುದು ಅದರಿಂದ ಅಂತ ವಿವರಣೆ. ಮೈ ಮಾತ್ರ ಹಿಗ್ಗುವುದಿಲ್ಲ, ಯಾಕೆಂದರೆ ಕೋಶಗಳ ಸಂಖ್ಯೆ ಕಡಿಮೆ ಇರುತ್ತದೆ.

ಬಿಡಿ ಕ್ರೋಮೋಸೋಮುಗಳ ಕಥೆ ಬೇರೆ. ನ್ಯೂಜಿಲೆಂಡಿನ ಹೋಕ್‌ಸ್ಟೆಟರ್ ಕಪ್ಪೆಯಲ್ಲಿ ಮಾಮೂಲಿ 22ರ ಜೊತೆ ಚಿಕ್ಕ ಚಿಕ್ಕ ಹೆಚ್ಚುವರಿ ತುಂಡುಗಳು ಇರುತ್ತವೆ. ಕೆಲವದರಲ್ಲಿ ಒಂದೂ ಇಲ್ಲ, ಕೆಲವದರಲ್ಲಿ ಹತ್ತಕ್ಕಿಂತ ಜಾಸ್ತಿ. ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ.

ಮನೆಯಲ್ಲಿ ಕ್ರೋಮೋಸೋಮ್ ಎಣಿಸಲು ಆಗುವುದಿಲ್ಲ. ವಿಭಜನೆ ಆಗುತ್ತಿರುವ ಕೋಶವನ್ನು ಔಷಧಿ ಹಾಕಿ ನಿಲ್ಲಿಸಿ, ಬಣ್ಣ ಕೊಟ್ಟು, ಒಳ್ಳೆಯ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಸುಮ್ನೆ ಕಪ್ಪೆ ಹಿಡಿದು ಯಾರಿಗೋ ಕಳಿಸಬೇಡಿ, ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅಳಿಯನಿಗೆ ಆಸಕ್ತಿ ಇದ್ದರೆ ಫೋನಿನಲ್ಲಿ ಕೂಗು ರೆಕಾರ್ಡ್ ಮಾಡಲಿ. ಜೊತೆಗೆ ಗಾಳಿಯ ಉಷ್ಣತೆಯನ್ನೂ ಬರೆದಿಡಲಿ. ಚಳಿ ಇದ್ದರೆ ಯಾವ ಕಪ್ಪೆಯೂ ನಿಧಾನವಾಗಿಯೇ ಕೂಗುತ್ತದೆ, ಅಂಕಿ ಇಲ್ಲದಿದ್ದರೆ ಹೋಲಿಸಲು ಬರುವುದಿಲ್ಲ. ಮಣಿಪಾಲದ ಮುರಕಲ್ಲು ಪಾದೆಗಳಲ್ಲಿ 2016ರಲ್ಲಿ ಹೊಸ ಜಾತಿ ಅಂತ ದಾಖಲಾದ ಪುಟಾಣಿ ಕಪ್ಪೆ, ಮೈಕ್ರೋಹೈಲಾ ಲ್ಯಾಟರೈಟ್, ಜೀರುಂಡೆ ಕೂಗಿದ ಹಾಗೆಯೇ ಕೂಗುತ್ತದೆ. ಅದನ್ನು ಗುರುತಿಸಲು ಡಿಎನ್‌ಎ ಜೊತೆ ಈ ಕೂಗನ್ನೂ ನೋಡಿದ್ದರು.

ಒಂದು ಕೇಳಲು ಬಾಕಿ ಉಂಟು. ಸೊಳ್ಳೆಗೆ ಅಂತ ತೊಟ್ಟಿಗೆ ಗಂಬೂಸಿಯಾ ಮೀನು ಬಿಟ್ಟಿದ್ದೀರಾ? ಅವು ಗೊದಮೊಟ್ಟೆಯನ್ನು ಕಚ್ಚುವುದರಲ್ಲಿ ಜೋರು. ಮೀನಿನದ್ದೂ, ಕಪ್ಪೆಯ ಹೊಟ್ಟೆ ಕಡೆಯದ್ದೂ ಒಂದೊಂದು ಫೋಟೋ ಹಾಕಿ, ನೋಡುವ.