ಅಮೆರಿಕದ ಪೌರರಾಗಿ ನೀವು ಅಲ್ಲಿನ ಸುದ್ದಿ ಮತ್ತು ರಾಜಕೀಯವನ್ನು ಎಷ್ಟು ನಂಬುತ್ತೀರಿ?

ಟ್ರಂಪ್ ದೇಶವನ್ನು ಹಾಳು ಮಾಡುತ್ತಿದ್ದಾರೆ ಎಂದು ಒಂದು ವಾಹಿನಿ, ಉಳಿಸುತ್ತಿದ್ದಾರೆ ಎಂದು ಇನ್ನೊಂದು ವಾಹಿನಿ ಹೇಳುವಾಗ, ಅಲ್ಲಿ ಮತದಾನದ ಹಕ್ಕಿರುವ ಕನ್ನಡಿಗರು ಯಾವುದನ್ನು ನಂಬುತ್ತಾರೆ ಎಂದು ನೀವು ಕೇಳಿದ್ದೀರಿ. ನಾನು ಎರಡನ್ನೂ ಪೂರ್ತಿಯಾಗಿ ನಂಬುವುದಿಲ್ಲ. ಆದರೆ ನನ್ನ ಅಪನಂಬಿಕೆಯ ದೊಡ್ಡ ಪಾಲು ಇರುವುದು ಅಧ್ಯಕ್ಷರ ವಿಷಯದಲ್ಲಿ ಅಲ್ಲ, ಇಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ವಿಷಯದಲ್ಲಿ. ಅಧ್ಯಕ್ಷರು ಯಾವ ಪಕ್ಷದವರೇ ಆಗಿರಲಿ, ತಮ್ಮ ಕೈಗೆ ಸಿಕ್ಕ ಅಧಿಕಾರವನ್ನು ಬಳಸಿಯೇ ಬಳಸುತ್ತಾರೆ. ಆ ಅಧಿಕಾರವನ್ನು ಅವರ ಕೈಗೆ ಕೊಟ್ಟವರು ಯಾರು, ಹಿಂದಕ್ಕೆ ಪಡೆಯಬಲ್ಲವರು ಯಾರು, ಅವರೇಕೆ ಸುಮ್ಮನಿದ್ದಾರೆ ಎಂಬ ಪ್ರಶ್ನೆಗಳನ್ನು ಸುದ್ದಿ ವಾಹಿನಿಗಳು ಕೇಳುವುದು ಬಹಳ ಅಪರೂಪ.

ಇಲ್ಲಿನ ಪೌರತ್ವ ಪರೀಕ್ಷೆಯಲ್ಲಿ ಬರುವ ಪ್ರಶ್ನೆಗಳಲ್ಲಿ ಫೆಡರಲ್ ಕಾನೂನುಗಳನ್ನು ಮಾಡುವವರು ಯಾರು ಎಂಬುದೂ ಒಂದು. ಉತ್ತರ, ಕಾಂಗ್ರೆಸ್. ಸಂವಿಧಾನದ ಮೊದಲನೆಯ ವಿಧಿಯೇ ತೆರಿಗೆ ಮತ್ತು ಸುಂಕ ವಿಧಿಸುವ, ಖಜಾನೆಯ ಹಣದ ಖರ್ಚಿಗೆ ಒಪ್ಪಿಗೆ ನೀಡುವ, ಯುದ್ಧ ಸಾರುವ ಅಧಿಕಾರಗಳನ್ನು ಈ ಸಂಸ್ಥೆಗೆ ವಹಿಸಿದೆ. ಆ ಪುಟವನ್ನು ಓದಿ ಪ್ರಮಾಣವಚನ ಸ್ವೀಕರಿಸಿದವನಿಗೆ ಇಂದು ಕಾಣುವ ದೃಶ್ಯ ಬಹಳ ಬೇರೆಯಾಗಿದೆ.

ನಮ್ಮವರಿಗೆ ಹತ್ತಿರವಾದ ಉದಾಹರಣೆಯಿಂದಲೇ ಆರಂಭಿಸುತ್ತೇನೆ. 2025ರ ಸೆಪ್ಟೆಂಬರ್ 19ರ ಶುಕ್ರವಾರ ಅಧ್ಯಕ್ಷರು ಎಚ್‌-1ಬಿ (ಹೊರದೇಶದ ಪರಿಣತರಿಗೆ ಇಲ್ಲಿ ತಾತ್ಕಾಲಿಕವಾಗಿ ನೌಕರಿ ಮಾಡಲು ಕೊಡುವ) ವೀಸಾ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ವಿಧಿಸುವ ಘೋಷಣೆಗೆ ಸಹಿ ಹಾಕಿದರು; ಅದು ಭಾನುವಾರ ಆರಂಭವಾಗುತ್ತಲೇ ಜಾರಿಗೆ ಬರುವುದಿತ್ತು. ಇದು ಪ್ರತಿ ವರ್ಷ ಕಟ್ಟಬೇಕಾದ ಶುಲ್ಕವೆಂದು ವಾಣಿಜ್ಯ ಕಾರ್ಯದರ್ಶಿ (ನಮ್ಮಲ್ಲಿನ ವಾಣಿಜ್ಯ ಮಂತ್ರಿಯಂತೆ) ಹೇಳಿದರು. ದೊಡ್ಡ ಕಂಪನಿಗಳು ಹೊರದೇಶದಲ್ಲಿದ್ದ ತಮ್ಮ ನೌಕರರಿಗೆ ಗಡುವಿನೊಳಗೆ ಹಿಂದಿರುಗುವಂತೆ ಸೂಚಿಸಿದವು. ನವರಾತ್ರಿ ಸೋಮವಾರ ಆರಂಭವಾಗುವುದಿತ್ತು. ಹಬ್ಬಕ್ಕೆಂದು ಊರಿಗೆ ಹೊರಟವರು ವಿಮಾನ ನಿಲ್ದಾಣದಿಂದಲೇ ಮರಳುವಂತಹ ಗಾಬರಿ ಹರಡಿತು. ಶನಿವಾರ ಶ್ವೇತಭವನದ ಸ್ಪಷ್ಟನೆ ಬಂತು: ಇದು ವಾರ್ಷಿಕ ಶುಲ್ಕವಲ್ಲ, ಒಂದು ಬಾರಿಯದು, ಹೊಸ ಅರ್ಜಿಗಳಿಗೆ ಮಾತ್ರ, ಈಗಾಗಲೇ ವೀಸಾ ಇರುವವರಿಗೆ ಅನ್ವಯಿಸುವುದಿಲ್ಲ. ಒಂದೂವರೆ ದಿನದೊಳಗೆ ಸಾವಿರಾರು ಕುಟುಂಬಗಳ ನೆಮ್ಮದಿ ಕೆಡಿಸಿದ ಈ ಗೊಂದಲಕ್ಕೆ ಕಾರಣ, ಸದನದಲ್ಲಿ ಚರ್ಚೆಯಾಗಿ, ತಿದ್ದುಪಡಿಯಾಗಿ, ಮತಕ್ಕೆ ಬರಬೇಕಾದ ವಿಷಯವೊಂದು ಒಬ್ಬರ ಸಹಿಯಿಂದ ಹುಟ್ಟಿದ್ದು. ಆ ಸಹಿಗೆ ಆಧಾರವಾಗಿ ತೋರಿಸಿದ್ದು 1952ರ ವಲಸೆ ಕಾಯಿದೆಯ ಒಂದು ಕಲಮನ್ನು.

ಎಚ್‌-1ಬಿಗೆ ವರ್ಷಕ್ಕೆ 65,000ದ ಮಿತಿ ಹಾಕಿದ್ದು 1990ರ ಕಾನೂನು. ಇಲ್ಲಿ ಉನ್ನತ ಪದವಿ ಪಡೆದವರಿಗಾಗಿ 20,000 ಸೇರಿಸಿದ್ದು 2004ರ ಕಾನೂನು. ನೌಕರಿ ಆಧಾರಿತ ಗ್ರೀನ್ ಕಾರ್ಡುಗಳಲ್ಲಿ (ಕಾಯಂ ವಾಸದ ಪರವಾನಗಿಗಳಲ್ಲಿ) ಯಾವುದೇ ಒಂದು ದೇಶದವರಿಗೆ ಶೇ. 7ಕ್ಕಿಂತ ಹೆಚ್ಚು ಸಿಗಬಾರದೆಂಬ ನಿಯಮದಿಂದಾಗಿ ಭಾರತೀಯರ ಸರದಿ ದಶಕಗಳಷ್ಟು ಉದ್ದವಾಗಿದೆ. ಈ ಮಿತಿಯನ್ನು ತೆಗೆಯುವ ಮಸೂದೆ 2019ರ ಜುಲೈನಲ್ಲಿ ಕಾಂಗ್ರೆಸ್ಸಿನ ಕೆಳಮನೆಯಾದ ಪ್ರತಿನಿಧಿ ಸಭೆಯಲ್ಲಿ 365-65 ಮತಗಳಿಂದ ಅಂಗೀಕಾರವಾಯಿತು. ಅದರ ತಿದ್ದಿದ ರೂಪಕ್ಕೆ 2020ರ ಡಿಸೆಂಬರ್‌ನಲ್ಲಿ ಮೇಲ್ಮನೆಯಾದ ಸೆನೆಟ್ ಕೂಡ ಒಪ್ಪಿತು. ಎರಡು ರೂಪಗಳ ನಡುವಿನ ವ್ಯತ್ಯಾಸವನ್ನು ಬಗೆಹರಿಸದೆ ಅವಧಿ ಮುಗಿಯಿತು, ಮಸೂದೆ ಬಿದ್ದುಹೋಯಿತು. ಎರಡೂ ಸದನಗಳು ತಾತ್ವಿಕವಾಗಿ ಒಪ್ಪಿದ ಸುಧಾರಣೆ ಹೀಗೆ ಸತ್ತಾಗ ಅದಕ್ಕಾಗಿ ಸಂಜೆಯ ಚರ್ಚಾ ಕಾರ್ಯಕ್ರಮಗಳು ನಡೆದದ್ದು ನನಗೆ ನೆನಪಿಲ್ಲ. ನಾನು ಈ ವಿಷಯದಲ್ಲಿ ಕೋಪಗೊಳ್ಳುವುದು ಈ ಕಾರಣಕ್ಕೇ.

ಸುಂಕದ ಕಥೆ ಇದಕ್ಕಿಂತ ಗಂಭೀರವಾದದ್ದು. 2025ರ ಏಪ್ರಿಲ್ 2ರಂದು ಬಹುತೇಕ ಎಲ್ಲ ದೇಶಗಳ ಮೇಲೆ ಸುಂಕ ಘೋಷಣೆಯಾಯಿತು. ಆಗಸ್ಟ್ 27ರ ಹೊತ್ತಿಗೆ ಭಾರತದ ಸರಕುಗಳ ಮೇಲಿನ ಹೆಚ್ಚುವರಿ ಸುಂಕ ಶೇ. 50ಕ್ಕೆ ಮುಟ್ಟಿತು. ಇದಕ್ಕೆ ಆಧಾರವೆಂದು ಹೇಳಿದ್ದು, ತುರ್ತು ಪರಿಸ್ಥಿತಿ ಘೋಷಿಸಿದ ಅಧ್ಯಕ್ಷರಿಗೆ ವಿಶೇಷ ಅಧಿಕಾರ ಕೊಡುವ 1977ರ ತುರ್ತು ಆರ್ಥಿಕ ಅಧಿಕಾರಗಳ ಕಾಯಿದೆ. ಆ ಕಾಯಿದೆಯಲ್ಲಿ ಸುಂಕ ಎಂಬ ಮಾತೇ ಇಲ್ಲ. ಅಂತರರಾಷ್ಟ್ರೀಯ ವ್ಯಾಪಾರ ನ್ಯಾಯಾಲಯ ಮೇ ತಿಂಗಳಲ್ಲಿ, ಮೇಲ್ಮನವಿ ನ್ಯಾಯಾಲಯ ಆಗಸ್ಟ್‌ನಲ್ಲಿ ಇದು ಅಧಿಕಾರದ ಮಿತಿ ಮೀರಿದೆ ಎಂದವು. ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಗಿ ನವೆಂಬರ್‌ನಲ್ಲಿ ಅಲ್ಲಿ ವಾದ ನಡೆಯಿತು. ನ್ಯಾಯಾಲಯಗಳ ಕೆಲಸವನ್ನು ನಾನು ಗೌರವಿಸುತ್ತೇನೆ. ಆದರೆ ಸುಂಕ ವಿಧಿಸುವ ಅಧಿಕಾರ ಯಾರದು ಎಂದು ನ್ಯಾಯಾಧೀಶರನ್ನು ಕೇಳಬೇಕಾಗಿ ಬಂದದ್ದೇಕೆ? ಅದರ ಒಡೆತನವಿದ್ದ ಸಂಸ್ಥೆ ಅದೇ ಕಾಲದಲ್ಲಿ ಏನು ಮಾಡುತ್ತಿತ್ತು?

ಅದು ಏನು ಮಾಡಿತೆಂಬುದು ದಾಖಲೆಯಲ್ಲಿದೆ, ದಯವಿಟ್ಟು ನಿಧಾನವಾಗಿ ಓದಿ. ತುರ್ತು ಪರಿಸ್ಥಿತಿಯ ಘೋಷಣೆಯನ್ನು ಕೊನೆಗೊಳಿಸುವ ನಿರ್ಣಯ ಸದನದ ಮುಂದೆ ಬಂದರೆ ನಿಗದಿತ ದಿನಗಳೊಳಗೆ ಅದನ್ನು ಮತಕ್ಕೆ ಹಾಕಲೇಬೇಕೆಂದು ಕಾನೂನು ಹೇಳುತ್ತದೆ. 2025ರ ಮಾರ್ಚ್‌ನಲ್ಲಿ ಪ್ರತಿನಿಧಿ ಸಭೆ, ಬೇರೊಂದು ವೆಚ್ಚದ ಮಸೂದೆಯ ಚರ್ಚೆಗೆಂದು ರೂಪಿಸಿದ ನಿಯಮದೊಳಗೆ ಒಂದು ಸಾಲನ್ನು ಸೇರಿಸಿತು: ಈ ಅಧಿವೇಶನದ ಉಳಿದ ಯಾವ ದಿನವೂ ಈ ಲೆಕ್ಕಕ್ಕೆ ದಿನವೆಂದು ಪರಿಗಣಿತವಾಗತಕ್ಕದ್ದಲ್ಲ. ಅಂದರೆ ಮತ ಹಾಕುವ ಗಡುವು ಬರದೇ ಇರುವಂತೆ, ಕ್ಯಾಲೆಂಡರಿನ ದಿನಗಳನ್ನೇ ನಿಯಮದ ಮೂಲಕ ರದ್ದು ಮಾಡಲಾಯಿತು. ಅದರ ನಂತರ ಏಪ್ರಿಲ್‌ನಲ್ಲಿ ಕೆನಡಾದ ಮೇಲಿನ ಸುಂಕಕ್ಕೆ ಆಧಾರವಾಗಿದ್ದ ತುರ್ತು ಘೋಷಣೆಯನ್ನು ಕೊನೆಗೊಳಿಸುವ ನಿರ್ಣಯವನ್ನು ಸೆನೆಟ್ 51-48ರಿಂದ ಅಂಗೀಕರಿಸಿತು. ಪ್ರತಿನಿಧಿ ಸಭೆ ಅದನ್ನು ಮುಟ್ಟುವ ಅಗತ್ಯವೇ ಬೀಳಲಿಲ್ಲ. ಬೀರುವಿನ ಬೀಗದ ಕೈಯನ್ನು ತಾವೇ ಕೊಟ್ಟು, ಕೊಟ್ಟದ್ದನ್ನು ಯಾರೂ ಕೇಳದಂತೆ ಬಾಗಿಲನ್ನೂ ಹಾಕಿಕೊಂಡ ಹಾಗಾಯಿತು.

ತುರ್ತು ಪರಿಸ್ಥಿತಿ ಎಂದರೆ ನಮಗೆ ನೆನಪಾಗುವುದು 1975. ಇಲ್ಲಿ ಅಂತಹ ಬಂಧನಗಳಾಗಲಿ, ಪತ್ರಿಕೆಗಳ ಸೆನ್ಸಾರ್ ಆಗಲಿ ಇಲ್ಲದಿದ್ದರೂ ನಲವತ್ತಕ್ಕಿಂತ ಹೆಚ್ಚು ತುರ್ತು ಘೋಷಣೆಗಳು ಏಕಕಾಲಕ್ಕೆ ಜಾರಿಯಲ್ಲಿವೆ. 1979ರಲ್ಲಿ ಇರಾನ್ ಒತ್ತೆಯಾಳುಗಳ ಪ್ರಕರಣಕ್ಕಾಗಿ ಕಾರ್ಟರ್ ಹೊರಡಿಸಿದ್ದು ಪ್ರತಿ ವರ್ಷ ನವೀಕರಣಗೊಳ್ಳುತ್ತ ಇನ್ನೂ ಉಳಿದಿದೆ. 1976ರ ರಾಷ್ಟ್ರೀಯ ತುರ್ತು ಕಾಯಿದೆ ಮಾಡುವಾಗ ಇಂತಹ ಘೋಷಣೆಗಳನ್ನು ಎರಡೂ ಸದನಗಳು ಸರಳ ಬಹುಮತದಿಂದ ರದ್ದುಮಾಡಬಹುದೆಂಬ ಏರ್ಪಾಡಿತ್ತು. ಅದನ್ನು ಮುರಿದದ್ದು ಭಾರತೀಯ ಮೂಲದ ವ್ಯಕ್ತಿಯೊಬ್ಬರ ಮೊಕದ್ದಮೆ. ಕೀನ್ಯಾದಲ್ಲಿ ಹುಟ್ಟಿ, ಬ್ರಿಟಿಷ್ ಪಾಸ್‌ಪೋರ್ಟ್ ಹೊಂದಿ, ಒಹಾಯೊದಲ್ಲಿ ಓದಲು ಬಂದಿದ್ದ ಜಗದೀಶ್ ರಾಯ್ ಛಡ್ಡಾ ಅವರ ಗಡೀಪಾರನ್ನು ವಲಸೆ ನ್ಯಾಯಾಧೀಶರು ತಡೆಹಿಡಿದಿದ್ದರು. ಪ್ರತಿನಿಧಿ ಸಭೆ ಏಕಪಕ್ಷೀಯವಾಗಿ ಆ ತಡೆಯನ್ನು ತೆಗೆದುಹಾಕಿತು. ಅಧ್ಯಕ್ಷರ ಸಹಿಯಿಲ್ಲದೆ ಸದನ ಹೀಗೆ ಮಾಡುವಂತಿಲ್ಲ ಎಂದು 1983ರಲ್ಲಿ ಸುಪ್ರೀಂ ಕೋರ್ಟ್ 7-2ರ ತೀರ್ಪು ನೀಡಿತು. ಛಡ್ಡಾ ಅವರಿಗೆ ಸಿಕ್ಕಿದ್ದು ನ್ಯಾಯವೇ. ಆದರೆ ಅದೇ ತತ್ವದ ಪ್ರಕಾರ ತುರ್ತು ಘೋಷಣೆಯನ್ನು ರದ್ದುಮಾಡುವ ನಿರ್ಣಯಕ್ಕೂ ಈಗ ಅಧ್ಯಕ್ಷರ ಸಹಿ ಬೇಕು, ಅವರು ವೀಟೊ ಮಾಡಿದರೆ, ಅಂದರೆ ಸಹಿ ನಿರಾಕರಿಸಿ ಹಿಂದಿರುಗಿಸಿದರೆ, ಮೂರನೆಯ ಎರಡು ಬಹುಮತ ಬೇಕು. 2019ರಲ್ಲಿ ಗಡಿಗೋಡೆಗಾಗಿ ಹೊರಡಿಸಿದ ತುರ್ತು ಘೋಷಣೆಯನ್ನು ಎರಡೂ ಸದನಗಳು ತಿರಸ್ಕರಿಸಿದವು, ಸೆನೆಟ್‌ನಲ್ಲಿ 59-41ರಷ್ಟು ಸ್ಪಷ್ಟವಾಗಿ. ವೀಟೊ ಬಂತು, ಘೋಷಣೆ ಉಳಿಯಿತು.

ಇಷ್ಟು ಓದಿದವರಿಗೆ ನಾನು ಡೆಮಾಕ್ರಟಿಕ್ ಪಕ್ಷದವನೆಂದು ಅನ್ನಿಸಿದ್ದರೆ ಮುಂದಿನದನ್ನೂ ಕೇಳಬೇಕು. 2021ರ ಜುಲೈನಲ್ಲಿ ಪ್ರತಿನಿಧಿ ಸಭೆಯ ಅಂದಿನ ಅಧ್ಯಕ್ಷೆ, ಡೆಮಾಕ್ರಟಿಕ್ ಪಕ್ಷದ ನ್ಯಾನ್ಸಿ ಪೆಲೋಸಿ, ವಿದ್ಯಾರ್ಥಿಗಳ ಸಾಲ ಮನ್ನಾ ಮಾಡುವ ಅಧಿಕಾರ ಅಧ್ಯಕ್ಷರಿಗಿಲ್ಲ, ಅದಕ್ಕೆ ಕಾಂಗ್ರೆಸ್ಸಿನ ಕಾನೂನೇ ಬೇಕು ಎಂದು ಬಹಿರಂಗವಾಗಿ ಹೇಳಿದ್ದರು. ಮುಂದಿನ ವರ್ಷ ಆಗಸ್ಟ್‌ನಲ್ಲಿ ಅಧ್ಯಕ್ಷ ಬೈಡನ್ ಸುಮಾರು 40,000 ಕೋಟಿ ಡಾಲರ್ ವೆಚ್ಚದ ಮನ್ನಾ ಘೋಷಿಸಿದಾಗ ಅದೇ ನಾಯಕಿ ಅದನ್ನು ಸ್ವಾಗತಿಸಿದರು. ಆಧಾರವಾಗಿ ಬಳಸಿದ್ದು 2003ರಲ್ಲಿ ಸೈನಿಕರು ಮತ್ತು ತುರ್ತು ಸನ್ನಿವೇಶದಲ್ಲಿ ಸಿಲುಕಿದವರ ನೆರವಿಗಾಗಿ ಮಾಡಿದ್ದ ಕಾನೂನನ್ನು. 2023ರ ಜೂನ್ 30ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಆಗ ಸಂವಿಧಾನದ ಹೆಸರಿನಲ್ಲಿ ಗಟ್ಟಿಯಾಗಿ ಮಾತನಾಡಿದ ರಿಪಬ್ಲಿಕನ್ ಸದಸ್ಯರಲ್ಲಿ ಹೆಚ್ಚಿನವರು ಎರಡು ವರ್ಷಗಳ ನಂತರ ಸುಂಕದ ವಿಷಯದಲ್ಲಿ ಮೌನವಾಗಿದ್ದರು. ಆಗ ಮನ್ನಾವನ್ನು ಸಮರ್ಥಿಸಿದ ಡೆಮಾಕ್ರಟರು ಈಗ ಮೊದಲನೆಯ ವಿಧಿಯನ್ನು ಉದ್ಧರಿಸುತ್ತಾರೆ. ತತ್ವವೊಂದು ಅಧಿಕಾರದಲ್ಲಿರುವ ಪಕ್ಷಕ್ಕೆ ತಕ್ಕಂತೆ ಕೈ ಬದಲಾಯಿಸುತ್ತಿದ್ದರೆ, ಅದನ್ನು ಹೇಳುವವರ ಮಾತಿಗೆ ನಾನು ಹೆಚ್ಚು ತೂಕ ಕೊಡಲಾರೆ.

ಯುದ್ಧದ ವಿಷಯ ಇನ್ನೂ ಹಳೆಯದು. ಕಾಂಗ್ರೆಸ್ ವಿಧಿವತ್ತಾಗಿ ಕೊನೆಯ ಬಾರಿ ಯುದ್ಧ ಸಾರಿದ್ದು 1942ರಲ್ಲಿ. 2011ರಲ್ಲಿ ಲಿಬಿಯಾದ ಮೇಲೆ ಬಾಂಬ್ ಹಾಕುತ್ತಿದ್ದಾಗ, ಇದು ಕಾನೂನಿನ ಅರ್ಥದಲ್ಲಿ ಯುದ್ಧಕಾರ್ಯವೇ ಅಲ್ಲ ಎಂದು ಒಬಾಮ ಆಡಳಿತ ವಾದಿಸಿತು. 2025ರ ಜೂನ್‌ನಲ್ಲಿ ಇರಾನಿನ ಅಣು ಕೇಂದ್ರಗಳ ಮೇಲೆ ದಾಳಿ ನಡೆದದ್ದು ಕಾಂಗ್ರೆಸ್ಸಿನ ಮತವಿಲ್ಲದೆ. ಮುಂದಿನ ಕ್ರಮಕ್ಕೆ ಮತ ಕಡ್ಡಾಯವೆನ್ನುವ ನಿರ್ಣಯವನ್ನು ಸೆನೆಟ್ 47-53ರಿಂದ ತಿರಸ್ಕರಿಸಿತು.

ಬಜೆಟ್ಟಿನ ಕಥೆಯೂ ಅಷ್ಟೇ. ಪ್ರತಿ ವರ್ಷ ಅಕ್ಟೋಬರ್ 1ರೊಳಗೆ ಹನ್ನೆರಡು ವೆಚ್ಚದ ಮಸೂದೆಗಳು ಮುಗಿಯಬೇಕು. 1970ರ ದಶಕದಲ್ಲಿ ಈ ಪದ್ಧತಿ ಬಂದ ಮೇಲೆ ಅವು ಎಲ್ಲವೂ ಸಮಯಕ್ಕೆ ಮುಗಿದದ್ದು ನಾಲ್ಕೇ ಬಾರಿ. ಅವು ಮುಗಿಯದ ಕಾರಣ 2025ರಲ್ಲಿ ಸರ್ಕಾರದ ಹಲವು ಕೆಲಸಗಳು 43 ದಿನ ಮುಚ್ಚಿದ್ದವು. ವಿಮಾನ ಸಂಚಾರ ನಿಯಂತ್ರಕರು ಸಂಬಳವಿಲ್ಲದೆ ದುಡಿದರು. ಪ್ರತಿನಿಧಿ ಸಭೆ ಮಾತ್ರ ಸೆಪ್ಟೆಂಬರ್ 19ರಿಂದ ನವೆಂಬರ್ 12ರವರೆಗೆ ಮತ ಹಾಕಲು ಸೇರಲೇ ಇಲ್ಲ. ಅಷ್ಟರಲ್ಲಿ ಸರ್ಕಾರದ ಸಾಲ 38 ಲಕ್ಷ ಕೋಟಿ ಡಾಲರ್ ದಾಟಿತು. ಈ ಸಾಲಕ್ಕೆ ಯಾರು ಕಾರಣ ಎಂದು ಒಂದೊಂದು ವಾಹಿನಿ ಒಂದೊಂದು ಪಕ್ಷದತ್ತ ಬೆರಳು ತೋರಿಸುತ್ತದೆ. ಕೊನೆಯ ಬಾರಿ ಮಿಗತೆ ಬಜೆಟ್ ಇದ್ದದ್ದು 2001ರಲ್ಲಿ, ಅಲ್ಲಿಂದೀಚೆಗೆ ಎರಡೂ ಪಕ್ಷಗಳು ಆಳಿವೆ.

ಸದಸ್ಯರು ತಮ್ಮ ಅಧಿಕಾರವನ್ನು ಹೀಗೇಕೆ ಬಿಟ್ಟುಕೊಡುತ್ತಾರೆ? ಮತ ಹಾಕಿದರೆ ಅದು ದಾಖಲೆಯಾಗಿ ಉಳಿಯುತ್ತದೆ, ಮುಂದಿನ ಚುನಾವಣೆಯಲ್ಲಿ ಎದುರಾಳಿಯ ಕೈಗೆ ಸಿಗುತ್ತದೆ. ಇರಾಕ್ ಯುದ್ಧಕ್ಕೆ 2002ರಲ್ಲಿ ಹಾಕಿದ ಮತ 2008ರಲ್ಲಿ ಹಿಲರಿ ಕ್ಲಿಂಟನ್ ಅವರನ್ನು ಕಾಡಿದ್ದನ್ನು ಎಲ್ಲರೂ ನೋಡಿದ್ದಾರೆ. ಮತ ಹಾಕದೆ ಟೀಕಿಸುವುದು ಸುರಕ್ಷಿತ. ಮೇಲಾಗಿ ಹೆಚ್ಚಿನ ಕ್ಷೇತ್ರಗಳು ಒಂದು ಪಕ್ಷಕ್ಕೆ ಮೀಸಲಾದಂತೆ ಇವೆ. ಅಲ್ಲಿ ಸದಸ್ಯರು ಹೆದರುವುದು ನವೆಂಬರ್‌ನ ಮತದಾರನಿಗಲ್ಲ, ಅಭ್ಯರ್ಥಿಯನ್ನು ಆರಿಸುವ ತಮ್ಮದೇ ಪಕ್ಷದ ಒಳಚುನಾವಣೆಯಾದ ಪ್ರೈಮರಿಗೆ. 2025ರಲ್ಲಿ ಟೆಕ್ಸಾಸ್ ರಿಪಬ್ಲಿಕನ್ನರಿಗೆ ಐದು ಸ್ಥಾನ ಹೆಚ್ಚು ಸಿಗುವಂತೆ ಕ್ಷೇತ್ರಗಳ ಗಡಿ ಬದಲಿಸಿತು. ಕ್ಯಾಲಿಫೋರ್ನಿಯಾ ಜನಮತದ ಮೂಲಕ ಡೆಮಾಕ್ರಟರ ಪರವಾಗಿ ಅದನ್ನೇ ಮಾಡಿತು. ಇವೆರಡರಲ್ಲಿ ಒಂದನ್ನು ಪ್ರಜಾಪ್ರಭುತ್ವದ ರಕ್ಷಣೆ, ಇನ್ನೊಂದನ್ನು ಅದರ ಹತ್ಯೆ ಎಂದು ಕರೆಯಲು ನನ್ನಿಂದಾಗದು.

ಸುದ್ದಿಯ ವಿಷಯ ಬಹಳ ಬೆಳೆಸುವುದಿಲ್ಲ. ರಿಪಬ್ಲಿಕನ್ನರತ್ತ ಒಲವಿರುವ ಫಾಕ್ಸ್ ನ್ಯೂಸ್ 2020ರ ಚುನಾವಣೆಯ ಮತಯಂತ್ರಗಳ ಬಗ್ಗೆ ಪ್ರಸಾರವಾದ ಸುಳ್ಳುಗಳ ಮೊಕದ್ದಮೆಯಲ್ಲಿ 2023ರಲ್ಲಿ 78.75 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಇನ್ನೊಂದು ಬದಿಯವರು ಬೈಡನ್ ಅವರ ವಯಸ್ಸಿನ ಪ್ರಶ್ನೆಯನ್ನು ಎದುರಾಳಿಗಳ ಅಪಪ್ರಚಾರವೆಂದು ಬಹುಕಾಲ ತಳ್ಳಿಹಾಕಿ, 2024ರ ಜೂನ್ 27ರಂದು ಟ್ರಂಪ್ ಜೊತೆ ನಡೆದ ಚುನಾವಣಾ ಚರ್ಚೆಯ ರಾತ್ರಿ ಬೇರೆ ದಾರಿಯಿಲ್ಲದೆ ಒಪ್ಪಿಕೊಂಡರು. ಇವಕ್ಕಿಂತ ನನಗೆ ಹೆಚ್ಚು ನೋವು ಕೊಡುವುದು, 2005ರಿಂದೀಚೆಗೆ ದೇಶದ ಪತ್ರಿಕೆಗಳಲ್ಲಿ ಮೂರನೆಯ ಒಂದರಷ್ಟು ಮುಚ್ಚಿಹೋಗಿರುವುದು. ನಮ್ಮ ಕ್ಷೇತ್ರದ ಸದಸ್ಯರು ಯಾವುದಕ್ಕೆ ಹೇಗೆ ಮತ ಹಾಕಿದರು ಎಂದು ಬರೆಯುತ್ತಿದ್ದದ್ದು ಆ ಸಣ್ಣ ಪತ್ರಿಕೆಗಳೇ.

ಆದ್ದರಿಂದ ಸುದ್ದಿ ಬಂದೊಡನೆ ನಾನು ಮೊದಲು ನೋಡುವುದು ಅದು ಭಾಷಣವೋ, ಆದೇಶವೋ, ಮಸೂದೆಯೋ, ಕಾನೂನೋ ಎಂಬುದನ್ನು. ಆದೇಶವಾದರೆ ಅದರ ಪಠ್ಯದಲ್ಲಿ ಯಾವ ಕಾಯಿದೆಯ ಹೆಸರಿದೆ ಎಂದು ಹುಡುಕುತ್ತೇನೆ. ಆ ಕಾಯಿದೆಯ ವರ್ಷವೇ ಎಷ್ಟೋ ಸಲ ಅರ್ಧ ವಿಷಯ ತಿಳಿಸುತ್ತದೆ. ಮಸೂದೆಯಾದರೆ ಯಾರು ಹೇಗೆ ಮತ ಹಾಕಿದರು ಎಂಬ ಪಟ್ಟಿ ಕಾಂಗ್ರೆಸ್ಸಿನ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ವೀಸಾ ಕುರಿತ ಸುದ್ದಿಗೆ ಹೆದರುವ ನಿಮ್ಮ ಬಂಧುಗಳಿಗೂ ಇದನ್ನೇ ಹೇಳಿ: ಆದೇಶದ ಪಠ್ಯ ಓದುವ ಮುನ್ನ ಟಿಕೆಟ್ ಬದಲಿಸಬೇಡಿ.

ಯಾವ ಪಕ್ಷಕ್ಕೆ ಮತ ಹಾಕುತ್ತೀರಿ ಎಂದೂ ಕೇಳಿದ್ದೀರಿ. 2019ರಲ್ಲಿ ರಿಪಬ್ಲಿಕನ್ ಸೆನೆಟರ್ ಮೈಕ್ ಲೀ ಒಂದು ಮಸೂದೆ ಮಂಡಿಸಿದ್ದರು: ಅಧ್ಯಕ್ಷರ ಯಾವುದೇ ತುರ್ತು ಘೋಷಣೆ ಕಾಂಗ್ರೆಸ್ ಒಪ್ಪದಿದ್ದರೆ 30 ದಿನಗಳ ನಂತರ ತಾನಾಗಿಯೇ ಕೊನೆಗೊಳ್ಳಬೇಕು. ಸಮಿತಿಯಲ್ಲಿ ಎರಡೂ ಪಕ್ಷಗಳವರು ಅದನ್ನು ಬೆಂಬಲಿಸಿದರು, ಆದರೂ ಅದು ಕಾನೂನಾಗಲಿಲ್ಲ. 2026ರ ನವೆಂಬರ್ ಚುನಾವಣೆಗೆ ಮತ ಕೇಳುವವರನ್ನು ನಾನು ಕೇಳುವುದು ಒಂದೇ ಪ್ರಶ್ನೆ: ಶ್ವೇತಭವನದಲ್ಲಿ ನಿಮ್ಮದೇ ಪಕ್ಷದ ಅಧ್ಯಕ್ಷರಿರುವಾಗ ಇಂತಹ ಮಸೂದೆಗೆ ಮತ ಹಾಕುತ್ತೀರಾ? ಹೌದು ಎಂದು ಬರೆದು ಕೊಡುವವರು ಯಾವ ಪಕ್ಷದವರಾದರೂ ನನ್ನ ಮತ ಅವರಿಗೆ.