‘ಆಲು’ ಎಂದು ಬರೆದರೆ ಡಿಸ್ಲೆಕ್ಸಿಯಾವೇ?

ಪ್ರಶ್ನೆ: ನಾಲ್ಕನೇ ತರಗತಿಯ ಹುಡುಗ ‘ಹಾಲು’ ಬದಲು ‘ಆಲು’, ‘ಶಾಲೆ’ ಬದಲು ‘ಸಾಲೆ’ ಎಂದೇ ಬರೆಯುತ್ತಾನೆ. ಓದುವಾಗಲೂ ತಡವರಿಸುತ್ತಾನೆ. ಡಿಸ್ಲೆಕ್ಸಿಯಾ ಇರಬಹುದೇ?
– ಶಿಕ್ಷಕಿ, ಮಂಡ್ಯ ಜಿಲ್ಲೆ

ಉತ್ತರ: ಡಿಸ್ಲೆಕ್ಸಿಯಾ ಎಂದರೆ ಬುದ್ಧಿಗೆ ಕೊರತೆಯಿಲ್ಲದಿದ್ದರೂ ಓದು-ಬರಹ ಕಷ್ಟವಾಗುವ ಕಲಿಕಾ ನ್ಯೂನತೆ. ಈ ಎರಡು ತಪ್ಪುಗಳಿಂದ ಏನೂ ಹೇಳಲಾಗದು. ಮನೆಯಲ್ಲಿ ಎಲ್ಲರೂ ‘ಆಲು’ ಎನ್ನುವಾಗ ಅವನು ಕೇಳಿದ್ದನ್ನು ಸರಿಯಾಗಿಯೇ ಬರೆದಿದ್ದಾನೆ. ಹಕಾರ ಬೀಳುವುದು, ಶ–ಸ, ಣ–ನ, ಳ–ಲ ಒಂದಾಗುವುದು ಆಡುನುಡಿಯ ಗುಣ. ಇದಕ್ಕೆ ತರಗತಿ ನಕ್ಕರೆ ಕಾಗುಣಿತವೇನೂ ತಿದ್ದಿಕೊಳ್ಳುವುದಿಲ್ಲ, ಮಗು ಬಾಯಿ ತೆರೆಯುವುದನ್ನು ಬಿಡುತ್ತದೆ ಅಷ್ಟೇ.

ಊರಿನಲ್ಲೂ ಪುಸ್ತಕದಲ್ಲೂ ಉಚ್ಚಾರ ಒಂದೇ ಇರುವ 20 ಪದ ಆರಿಸಿ ಉಕ್ತಲೇಖನ ಕೊಡಿ: ಬೀಗ, ಕಿಟಕಿ, ತಟ್ಟೆ, ಎಮ್ಮೆ, ಕತ್ತರಿ, ಹೀಗೆ. ಮೂರು ದಿನ ಬಿಟ್ಟು ಅವೇ ಪದಗಳನ್ನು ಮತ್ತೆ ಬರೆಸಿ. ಆಡುನುಡಿಯ ತಪ್ಪು ಸಾಮಾನ್ಯವಾಗಿ ಪ್ರತಿ ಸಲ ಒಂದೇ ಬಗೆ. ‘ಕತ್ತರಿ’ ಇಂದು ‘ಕತರಿ’, ನಾಳೆ ‘ಕರತ್ತಿ’ ಆದರೆ, ‘ಬೀಗ’ ‘ಬಿಗ’ವಾದರೆ ಗಮನಿಸಬೇಕು. ಆಮೇಲೆ ಒಂದು ನಿಮಿಷ ಗಟ್ಟಿಯಾಗಿ ಓದಿಸಿ ಪದ ಎಣಿಸಿ. ಅದೇ ಊರಿನ, ನಿಮ್ಮಲ್ಲೇ ಕಲಿತ ಐದು ಮಕ್ಕಳ ಲೆಕ್ಕದೊಂದಿಗೆ ಹೋಲಿಸಿ. ಅರ್ಧ ತರಗತಿಯೇ ಅಷ್ಟು ನಿಧಾನವಿದ್ದರೆ ಕೊರತೆ ಪಾಠದಲ್ಲಿದೆ. ಗುಣಿತಾಕ್ಷರ ಸೇರಿ ಕನ್ನಡದಲ್ಲಿ 400ಕ್ಕೂ ಹೆಚ್ಚು ಅಕ್ಷರಗಳಿವೆ. ಎಲ್ಲವೂ ಕೈಗೆ ಬರಲು ಅನೇಕ ಮಕ್ಕಳಿಗೆ ನಾಲ್ಕನೇ ತರಗತಿಯವರೆಗೂ ಬೇಕು. ಕಣ್ಣು, ಕಿವಿ ಪರೀಕ್ಷೆ ಮತ್ತು ಹಾಜರಿ ಪುಸ್ತಕ ಇವೆಲ್ಲಕ್ಕಿಂತ ಮೊದಲು. ಎಷ್ಟೋ ‘ದಡ್ಡತನ’ ಕನ್ನಡಕದಲ್ಲಿ ಮುಗಿಯುತ್ತದೆ.

ತಪಾಸಣೆಗೆ ಕಳಿಸಿದರೂ ಅದರ ವರದಿಗಾಗಿ ಕಾಯಬೇಡಿ, ದಿನಕ್ಕೆ 20 ನಿಮಿಷ ಪ್ರತ್ಯೇಕ ಪಾಠ ಶುರುಮಾಡಿ. ‘ಹತ್ತು ಸಲ ಬರೆ’ ಬೇಡ. ಮೂರನೇ ಸಾಲಿಗೆ ಮಗು ಓದುವುದನ್ನು ಬಿಟ್ಟು ಮೇಲಿನ ಸಾಲಿನ ಚಿತ್ರ ಬರೆಯತೊಡಗುತ್ತದೆ. ಹ್ರಸ್ವಕ್ಕೆ ಮೇಜಿನ ಮೇಲೆ ಒಂದು ತಟ್ಟು, ದೀರ್ಘಕ್ಕೆ ಎರಡು. ಛಂದಸ್ಸಿನ ಮಾತ್ರೆಯ ಲೆಕ್ಕವೇ. ಒತ್ತಕ್ಷರವನ್ನು ‘ತಟ್’ ಎಂದು ನಿಲ್ಲಿಸಿ, ‘ಟೆ’ ಎಂದು ಮುಗಿಸಿ ಹೇಳಿಸಿ, ಅನಂತರ ಬರೆಸಿ. ದಿನಕ್ಕೆ ಹೊಸದು ಮೂರು-ನಾಲ್ಕು ಅಕ್ಷರ ಸಾಕು. ತಪ್ಪು ಕಡಿಮೆಯಾದ ಕೂಡಲೇ ನಿಲ್ಲಿಸಬೇಡಿ: ಉಚ್ಚರಿಸಿದಂತೆ ಬರೆಯುವ ಲಿಪಿಗಳಲ್ಲಿ ಡಿಸ್ಲೆಕ್ಸಿಯಾದ ಮಗು ಸರಿಯಾಗಿ ಓದಲು ಕಲಿತ ಮೇಲೂ ಹೆಚ್ಚಾಗಿ ನಿಧಾನವಾಗಿಯೇ ಓದುತ್ತದೆ.

ಪ್ರಶ್ನೆ: ಮಗನಿಗೆ ತೊಂದರೆಯಿದೆ ಎಂದು ಶಾಲೆಯೇ ತಪಾಸಣೆಗೆ ಕಳಿಸಿತ್ತು. ಆರನೇ ತರಗತಿಯ ಮಗಳೂ ಹಾಗೇ ಓದುತ್ತಾಳೆ. ‘ಅವಳಿಗೆ ಆಸಕ್ತಿ ಇಲ್ಲ’ ಎನ್ನುತ್ತಾರೆ.
– ತಾಯಿ, ಧಾರವಾಡ

ಉತ್ತರ: ಅಮೆರಿಕದ ಕನೆಕ್ಟಿಕಟ್‌ನಲ್ಲಿ ನಡೆದು 1990ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಓದುವ ತೊಂದರೆಯಿದೆ ಎಂದು ಶಾಲೆಗಳು ಗುರುತಿಸಿದವರಲ್ಲಿ ಹುಡುಗರೇ ಬಹಳ ಹೆಚ್ಚಿದ್ದರು. ಸಂಶೋಧಕರು ತಾವೇ ಎಲ್ಲ ಮಕ್ಕಳನ್ನೂ ಪರೀಕ್ಷಿಸಿದಾಗ ಹುಡುಗ-ಹುಡುಗಿಯರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಗಲಾಟೆ ಮಾಡುವ ಮಗು ಕಣ್ಣಿಗೆ ಬೀಳುತ್ತದೆ. ಪಾಠ ಬಾಯಿಪಾಠ ಮಾಡಿ ಸುಮ್ಮನೆ ಕೂರುವವಳು ಬೀಳುವುದಿಲ್ಲ. ಅವಳು ಎಂದೂ ನೋಡದ ಒಂದು ಪುಟ ಓದಿಸಿ, ಬಣ್ಣ ಬಯಲಾಗುತ್ತದೆ. ತಪಾಸಣೆ ಬೇಕೆಂದು ಶಾಲೆಗೆ ಬರಹದಲ್ಲೇ ಕೇಳಿ. ಹುಬ್ಬಳ್ಳಿಯಿಂದ ಬೆಂಗಳೂರಿನವರೆಗೆ ಎಲ್ಲಿಗೇ ಹೋದರೂ ಕನ್ನಡದಲ್ಲೂ ಓದಿಸಿ ನೋಡುವಂತೆ ಹೇಳಿ. ‘ಡಾಲಿ’ ಎಂಬ ತಪಾಸಣಾ ಸಾಧನ ಕನ್ನಡದಲ್ಲಿಯೂ ಇದೆ.

ಪ್ರಶ್ನೆ: ಡಿಸ್ಲೆಕ್ಸಿಯಾ ಇದೆ ಎಂಬ ಪ್ರಮಾಣಪತ್ರ ಪಡೆದರೆ ‘ಬುದ್ಧಿಮಾಂದ್ಯ’ ಎಂಬ ಹಣೆಪಟ್ಟಿ ಬೀಳುವುದಿಲ್ಲವೇ?
– ಓದುಗರು, ವಿಜಯಪುರ

ಉತ್ತರ: ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಬಗೆಗಳಲ್ಲಿ ಡಿಸ್ಲೆಕ್ಸಿಯಾ ಸೇರುವ ನಿರ್ದಿಷ್ಟ ಕಲಿಕಾ ನ್ಯೂನತೆಯೇ ಬೇರೆ, ಬೌದ್ಧಿಕ ನ್ಯೂನತೆಯೇ ಬೇರೆ. ಪತ್ರವನ್ನು ನೆಂಟರಿಗೆ ತೋರಿಸಬೇಕಾಗಿಲ್ಲ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳುವಾಗ ಅದು ಬೇಕಾಗುತ್ತದೆ. ಒಂದು ಎಚ್ಚರ ಮಾತ್ರ: ಬುದ್ಧಿಮಟ್ಟದ ಪರೀಕ್ಷೆಯೂ ನಡೆಯುತ್ತದೆ. ಮನೆಯಲ್ಲಿ ಲಂಬಾಣಿ ಆಡುವ ಮಗುವನ್ನು ಇಂಗ್ಲಿಷಿನಲ್ಲಿ ಪ್ರಶ್ನಿಸಿದರೆ ಅಂಕ ಕಡಿಮೆಯಾಗುವುದು ಸಹಜ. ಯಾವ ಭಾಷೆಯಲ್ಲಿ ಪರೀಕ್ಷಿಸಿದರೆಂದು ವರದಿಯಲ್ಲಿ ಬರೆಸಿಕೊಳ್ಳಿ.