ಗೋಲ್ಡ್ ಕಪ್ಪೋ, ಕೋಪಾ ಅಮೆರಿಕವೋ?

ಪ್ರಶ್ನೆ: 2007ರಲ್ಲಿ ದಕ್ಷಿಣ ಅಮೆರಿಕದ ದೇಶಗಳ ಕೋಪಾ ಅಮೆರಿಕ ಟೂರ್ನಿಗೆ ಆಹ್ವಾನಿತವಾಗಿದ್ದ ಅಮೆರಿಕದ ಫುಟ್‌ಬಾಲ್ ತಂಡ ಪ್ರಮುಖ ಆಟಗಾರರನ್ನು ಬಿಟ್ಟು ಹೋಗಿತ್ತು. ಕರೆದವರಿಗೆ ಇದು ಅಗೌರವವಲ್ಲವೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಅಗೌರವವೆಂದು ನನಗೆ ಅನ್ನಿಸುವುದಿಲ್ಲ. ಉತ್ತರ, ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ದೇಶಗಳ ಚಾಂಪಿಯನ್‌ಷಿಪ್ ಆದ ಗೋಲ್ಡ್ ಕಪ್‌ನ ಆ ವರ್ಷದ ಫೈನಲ್ ಶಿಕಾಗೊದಲ್ಲಿ ಜೂನ್ 24ರಂದು ನಡೆಯಿತು. ಕೋಪಾ ನಡೆದ ವೆನೆಜುವೆಲಾದಲ್ಲಿ ಅಮೆರಿಕ ತಂಡ ಅರ್ಜೆಂಟೀನಾವನ್ನು ಎದುರಿಸಬೇಕಿದ್ದದ್ದು ಜೂನ್ 28ರಂದು. ದೇಶವೊಂದು ತನ್ನದೇ ಪ್ರಾದೇಶಿಕ ಒಕ್ಕೂಟದ ಚಾಂಪಿಯನ್‌ಷಿಪ್‌ನಲ್ಲಿ ಆಡುವಾಗ ಆಟಗಾರರನ್ನು ಕಳುಹಿಸಿಕೊಡಲು ಕ್ಲಬ್‌ಗಳು ನಿಯಮದಂತೆ ಬದ್ಧವಾಗಿರುತ್ತವೆ, ಅತಿಥಿಯಾಗಿ ಆಡುವ ಟೂರ್ನಿಗೆ ಆ ಕಟ್ಟುಪಾಡಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಗೋಲ್ಡ್ ಕಪ್ ಗೆದ್ದವರಿಗೆ ಖಂಡಗಳ ಚಾಂಪಿಯನ್ನರು ಸೆಣಸುವ ಟೂರ್ನಿಯಾಗಿದ್ದ ಕಾನ್ಫೆಡರೇಷನ್ಸ್ ಕಪ್‌ನಲ್ಲಿ 2009ರಲ್ಲಿ ಆಡುವ ಅರ್ಹತೆ ದೊರೆಯುತ್ತಿತ್ತು. ಅದು ನಡೆಯಲಿದ್ದದ್ದು 2010ರ ವಿಶ್ವಕಪ್‌ನ ಆತಿಥೇಯ ದಕ್ಷಿಣ ಆಫ್ರಿಕಾದಲ್ಲಿಯೇ.

ಹೀಗಾಗಿ ಕೋಚ್ ಬಾಬ್ ಬ್ರಾಡ್ಲಿ ತಮ್ಮ ಪೂರ್ಣ ಬಲವನ್ನು ಗೋಲ್ಡ್ ಕಪ್‌ಗೆ ಮೀಸಲಿಟ್ಟರು. ಫೈನಲ್‌ನಲ್ಲಿ ಮೆಕ್ಸಿಕೊ ಮೊದಲು ಗೋಲು ಹೊಡೆದರೂ ಅಮೆರಿಕದ ಡೊನೊವನ್ ಪೆನಾಲ್ಟಿಯಿಂದ ಸಮ ಮಾಡಿದರು. ಬಳಿಕ ಕಾರ್ನರ್ ಕಿಕ್‌ನಿಂದ ಬಂದ ಚೆಂಡನ್ನು ಮೆಕ್ಸಿಕೊದ ರಕ್ಷಣಾ ಆಟಗಾರರು ಹೊರದೂಡಿದಾಗ, ಬೆನ್ನಿ ಫೈಲ್‌ಹೇಬರ್ ಅದು ನೆಲ ಮುಟ್ಟುವ ಮೊದಲೇ ಪೆನಾಲ್ಟಿ ಆವರಣದ ಹೊರಗಿನಿಂದ ಬಲೆಗೆ ಒದ್ದು 2–1ರ ಗೆಲುವು ತಂದರು. ಡೊನೊವನ್, ಡೆಂಪ್ಸಿ, ಗೋಲ್‌ಕೀಪರ್ ಹೊವಾರ್ಡ್ ಇಲ್ಲದ ತಂಡವು ಕೋಪಾದ ಮೂರೂ ಪಂದ್ಯಗಳಲ್ಲಿ ಸೋತಿತು. ಆದರೂ ಆ ಪ್ರವಾಸ ವ್ಯರ್ಥವಾಗಲಿಲ್ಲ: ಅಲ್ಲಿ ಪರಗ್ವೆ ವಿರುದ್ಧ ಗೋಲು ಹೊಡೆದ ರಿಕಾರ್ಡೊ ಕ್ಲಾರ್ಕ್, ಎರಡು ವರ್ಷಗಳ ನಂತರ ದಕ್ಷಿಣ ಆಫ್ರಿಕಾದ ಬ್ಲೂಮ್‌ಫಾಂಟೀನ್‌ನಲ್ಲಿ, ಕಾನ್ಫೆಡರೇಷನ್ಸ್ ಕಪ್‌ನ ಸೆಮಿಫೈನಲ್‌ನಲ್ಲಿ, ಸತತ 35 ಪಂದ್ಯಗಳಲ್ಲಿ ಸೋಲು ಕಾಣದಿದ್ದ ಸ್ಪೇನನ್ನು 2–0ಯಿಂದ ಮಣಿಸಿದ ತಂಡದ ಮಿಡ್‌ಫೀಲ್ಡ್‌ನಲ್ಲಿದ್ದರು. ಗೋಲ್ಡ್ ಕಪ್ ಕೈತಪ್ಪಿದ್ದರೆ ಆ ಪಂದ್ಯವೇ ಇರುತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು.

ಇಂಥ ಆಯ್ಕೆಗೆ ಬೆಲೆ ತೆರಬೇಕಾಗುತ್ತದೆ ಎಂಬುದೂ ನಿಜ. 2009ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ನಡೆದ ಕಾನ್ಫೆಡರೇಷನ್ಸ್ ಕಪ್ ಫೈನಲ್‌ನಲ್ಲಿ ಬ್ರೆಜಿಲ್‌ಗೆ 2–3ರಿಂದ ಸೋತ ಬೆನ್ನಿಗೇ ಗೋಲ್ಡ್ ಕಪ್ ಆರಂಭವಾದಾಗ ಬ್ರಾಡ್ಲಿ ಹಿರಿಯರಿಗೆ ವಿಶ್ರಾಂತಿ ನೀಡಿದರು, ಮತ್ತು ಸ್ವದೇಶದ ಮೈದಾನದಲ್ಲಿ ನಡೆದ ಅದರ ಫೈನಲ್‌ನಲ್ಲಿ ಅಮೆರಿಕ 0–5ರಿಂದ ಮೆಕ್ಸಿಕೊಗೆ ಶರಣಾಯಿತು. ಆ ಸಲದ ಗೋಲ್ಡ್ ಕಪ್ ಗೆದ್ದವರಿಗೆ ಕಾನ್ಫೆಡರೇಷನ್ಸ್ ಕಪ್‌ನ ಸ್ಥಾನ ಸಿಗುವಂತಿರಲಿಲ್ಲ. ಆದ್ದರಿಂದ ಆ ನಿರ್ಧಾರವನ್ನೂ ನಾನು ಸಮರ್ಥಿಸುತ್ತೇನೆ, ಅಂದಿನ ಪ್ರೇಕ್ಷಕರ ನೋವನ್ನು ಅಲ್ಲಗಳೆಯದೆ.